ಇಪ್ಪತ್ತೊಂದು ಕರಿ ಚೌಕಗಳು

"ಇದನ್ನು ನಾನು ಹೊಲಿಯುದಿಲ್ಲ ಸಾರ್. ನೀವೂ ಹೊಲಿಬೇಡಿ."

ಜುಬೈದಾ ಹಾಳೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಬೆರಳುಗಳನ್ನು ತಲೆವಸ್ತ್ರದ ಅಂಚಿಗೆ ಉಜ್ಜಿ ಉಜ್ಜಿ ಒರೆಸಿಕೊಂಡಳು. ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಒಣಶುಂಠಿ ಗೋದಾಮುಗಳ ನಡುವೆ ಸಿಕ್ಕಿಕೊಂಡಂತಿದ್ದ ಅವಳ ಬೈಂಡಿಂಗ್ ಅಂಗಡಿಯಲ್ಲಿ ಮಟಮಟ ಮಧ್ಯಾಹ್ನವೂ ಮಬ್ಬುಗತ್ತಲೆ. ಮೈದಾ ಅಂಟಿನ ಹುಳಿ ವಾಸನೆ, ಹಳೆಯ ಕಾಗದದ ಧೂಳು, ಗೋಡೆಯಾಚೆಯಿಂದ ಶುಂಠಿಯ ಘಾಟು. ಇವೆಲ್ಲವನ್ನೂ ಮೀರಿ ಈಗ ಇನ್ನೊಂದು ವಾಸನೆ ತುಂಬಿತ್ತು: ಕೂದಲು ಸುಟ್ಟಂಥದ್ದು. ಅದು ಬರುತ್ತಿದ್ದದ್ದು ಉಮಾಮಹೇಶ್ವರ ತಂದ ಹಾಳೆಗಳಿಂದ.

"ಯಾಕ್ರೀ? ಹೊಲಿಗಿ ಕಷ್ಟ ಐತೇನು?" ಎಂದ ಅವನು.

"ಹೊಲಿಗೆ ಕಷ್ಟ ಅಲ್ಲ." ಜುಬೈದಾ ಹುಟ್ಟಿದ್ದು ಮಂಜೇಶ್ವರದಲ್ಲಿ, ಏಳನೆಯ ಕ್ಲಾಸಿನವರೆಗೆ ಓದಿದ್ದು ಕನ್ನಡದಲ್ಲಿ. ಕನ್ನಡದ ಪುಸ್ತಕ ಹೊಲಿಯುವವರು ಕೊಚ್ಚಿಯಲ್ಲಿ ಅವಳೊಬ್ಬಳೇ ಎಂದು ಅವನು ಹುಡುಕಿಕೊಂಡು ಬಂದಿದ್ದ. "ಈ ಕರಿಯ ಅಡಿಯಲ್ಲಿ ಎಂತದೋ ಬರೆದಿದ್ದೀರಲ್ಲ, ನಿಮ್ಮದೇ ಕೈಯಾ?"

"ಹೌದು."

"ಕರಿ ಬಳಿದದ್ದೂ?"

"ನಾನ. ಪುಸ್ತಕದ ಕಲ್ಪನಾನ ಅದು."

ಅವಳು ಕಟ್ಟನ್ನು ಅಳತೆಪಟ್ಟಿಯ ತುದಿಯಿಂದ ಅವನತ್ತ ದೂಡಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ನಮ್ಮ ಊರಲ್ಲಿ ಇದಕ್ಕೆ ಪುಸ್ತಕ ಅಂತ ಹೇಳುದಿಲ್ಲ. ಬರೆದರೆ ಕೊಟ್ಟ ಹಾಗೆ. ಹೊಲಿದರೆ ಕಟ್ಟು ಬಿದ್ದ ಹಾಗೆ. ಈಗಲಾದರೆ ಉಪ್ಪುನೀರಿಗೆ ಹಾಕಿ ತೊಳೆದರೆ ಹೋಗ್ತದೆ. ನೂಲು ಹಾಕಿದ ಮೇಲೆ ಯಾರ ಕೈಯಲ್ಲೂ ಆಗುದಿಲ್ಲ. ಈ ಮಸಿ ಯಾರು ಕೊಟ್ಟದ್ದು ನಿಮಗೆ?"

ಉಮಾಮಹೇಶ್ವರ ನಕ್ಕುಬಿಟ್ಟ. "ಇದು ಮಾಟ ಅಲ್ರೀ ಬಾಯಾರ. ಡಿಸೈನ್."

ಹಾಳೆಗಳನ್ನು ಚೀಲಕ್ಕೆ ತುರುಕಿಕೊಂಡು ಹೊರಬಿದ್ದ. ಹೊಲಿಯುವುದೇನು ಬ್ರಹ್ಮವಿದ್ಯೆಯೆ? ತಾನೇ ಹೊಲಿದರಾಯಿತು. ಅವನು ಬೀದಿ ದಾಟಿ ಹಿಂದಿರುಗಿ ನೋಡಿದಾಗ ಜುಬೈದಾ ಆ ಮೇಜನ್ನು ನೀರು ಹಾಕಿ ತೊಳೆಯುತ್ತಿದ್ದಳು.

ಅದು ೧೯೯೪ರ ಜೂನ್. ಉಮಾಮಹೇಶ್ವರ ಧಾರವಾಡ ಬಿಟ್ಟು ತಿರುವನಂತಪುರಕ್ಕೆ ಬಂದು ವರ್ಷವೂ ತುಂಬಿರಲಿಲ್ಲ. ಊರಂಚಿನ ಶ್ರೀಕಾರ್ಯದ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ಕಲಾವಿದನ ಹುದ್ದೆ. ಮರಗೆಣಸಿನ ರೋಗಗಳು, ಮರಗೆಣಸಿನ ಗೊಬ್ಬರ, ಮರಗೆಣಸಿನ ಹಪ್ಪಳ ಎಂದು ಕೈಪಿಡಿಗಳಿಗೆ ಪುಟ ಜೋಡಿಸುವ ಕೆಲಸ. ಹೆಂಡತಿ ರಾಜಲಕ್ಷ್ಮಿ ಮೈಸೂರಿನವಳು. ಪಟ್ಟಂ ಬಡಾವಣೆಯ ಒಂದು ಬ್ಯಾಂಕಿನಲ್ಲಿದ್ದಳು. ಅಲ್ಲೇ ಹತ್ತಿರದ ಫ್ಲ್ಯಾಟಿನಲ್ಲಿ ಮನೆ. ಆರು ವರ್ಷದ ಮಗಳು ನಿಶಾ ಕನ್ನಡದಲ್ಲಿ ಕೇಳಿದ್ದಕ್ಕೆ ಆಗಲೇ ಮಲಯಾಳದಲ್ಲಿ ಉತ್ತರ ಕೊಡುತ್ತಿದ್ದಳು.

ಜೀವನದಲ್ಲಿ ಒಂದಾದರೂ ನಿಜವಾದ ಪುಸ್ತಕ ಮಾಡಬೇಕೆಂಬ ಅವನ ಹಂಬಲ ಚೆನ್ನಾಗಿ ಗೊತ್ತಿದ್ದವನು ರತ್ನಾಕರ. ಕಾಸರಗೋಡಿನ ಕಡೆಯವನು, ಕೊಚ್ಚಿಯ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರು. ಧಾರವಾಡದಲ್ಲಿ ಎಂ.ಎ. ಓದುವಾಗ ಎರಡು ವರ್ಷ ಉಮಾಮಹೇಶ್ವರನ ತಾಯಿ ಚಂದ್ರಮ್ಮನ ಖಾನಾವಳಿಯಲ್ಲೇ ಅವನ ಊಟ. ಆಗಿನಿಂದ ಗೆಳೆಯರು. ತಾಯಿಯಿಲ್ಲದ ಹುಡುಗ ಎಂದು ಚಂದ್ರಮ್ಮ ಅವನ ತಟ್ಟೆಗೆ ಒಂದು ರೊಟ್ಟಿ ಹೆಚ್ಚಿಗೇ ಹಾಕುತ್ತಿದ್ದಳು. ಅವನು ಗೋಡೆ ನೋಡುತ್ತ ಮೌನವಾಗಿ ಉಣ್ಣುತ್ತಿದ್ದ.

ಈಗ ಅವನು ಪುಸ್ತಕ ಬರೆದಿದ್ದ. ಮೊದಲ ಭಾಗದಲ್ಲಿ, ಬದುಕಿಗೆ ಯಾವ ಅರ್ಥವೂ ಇಲ್ಲ ಎಂಬ ವಾದ. ಎರಡನೆಯ ಭಾಗದಲ್ಲಿ, ಅರ್ಥ ಸಿಕ್ಕ ಬಗೆ. ಮೊದಲ ಭಾಗದಲ್ಲಿ ತಲಾ ಏಳು ಚೌಕಗಳ ಮೂರು ಫಾರಂ, ಎಂದರೆ ಒಟ್ಟಿಗೆ ಹೊಲಿಯುವ ಹಾಳೆಗಳ ಮೂರು ಕಟ್ಟು. ಪ್ರತಿ ಬಲಪುಟದ ನಡುವೆ ಒಂದು ಚೌಕ. ಅದರಲ್ಲಿ ವಿನ್ಯಾಸಕಾರ ತನ್ನ ಬದುಕಿಗೆ ಅರ್ಥ ಕೊಟ್ಟ ಒಂದು ಸಂಗತಿಯನ್ನು ಸ್ವಂತ ಕೈಯಿಂದ ಬರೆಯಬೇಕು; ಬರೆದು, ತಾನೇ ಕರಿ ಬಳಿದು ಮುಚ್ಚಬೇಕು. ಓದುಗನಿಗೆ ಕಾಣುವುದು ಕಪ್ಪು ಮಾತ್ರ. ಆದರೆ ಅದರಡಿಯಲ್ಲಿ ಯಾರದೋ ಪ್ರೀತಿಯ ವಸ್ತು ಹೂತುಹೋಗಿದೆಯೆಂದು ಅವನಿಗೆ ಗೊತ್ತಿರುತ್ತದೆ. ಹೊಲಿದ ಆ ಮೂಲಪ್ರತಿಯಿಂದಲೇ ಅಚ್ಚಿಗೆ ಫಿಲ್ಮು ತೆಗೆಯುವುದು.

"ಸುಳ್ಳು ಬರೆಯಬೇಡ," ಎಂದಿದ್ದ ರತ್ನಾಕರ, ಮಸಿಯ ತಗಡಿನ ಡಬ್ಬಿಯನ್ನು ಅವನ ಕೈಗಿಡುತ್ತ. "ನಿಜವಾಗಿ ಬೇಕಾದದ್ದನ್ನೇ ಬರಿ. ಇಲ್ಲದಿದ್ದರೆ ಓದುವವನಿಗೆ ಗೊತ್ತಾಗ್ತದೆ. ಎರಡನೇ ಭಾಗ ಇಪ್ಪತ್ತೊಂದೂ ಮುಗಿದ ಮೇಲೆ ತೋರಿಸ್ತೇನೆ."

ಇಂಥ ಪುಸ್ತಕ ಕನ್ನಡದಲ್ಲಿ ಬಂದಿಲ್ಲವೆಂದು ಉಮಾಮಹೇಶ್ವರನ ಎದೆ ಉಬ್ಬಿತ್ತು.

ಮೊದಲ ಫಾರಮ್ಮಿನಲ್ಲಿ ಅವನು ಬಾಲ್ಯವನ್ನು ಬರೆದಿದ್ದ. ಮೊದಲ ಸೈಕಲ್ಲಿನ ಗಂಟೆ. ಅಂಗಡಿಯ ಬೋರ್ಡು ಬರೆಯಲು ಕಲಿಸಿದ ಪೇಂಟರ್ ವೀರಭದ್ರನ ಕುಂಚದ ನೀಲಿ. ಬೇಸಿಗೆಯ ಮೊದಲ ಮಳೆಗೆ ಎರೆಮಣ್ಣು ಬಿಡುವ ಉಸಿರು. ಕೊಚ್ಚಿಯಿಂದ ಬಂದ ಭಾನುವಾರ ಬೆಳಿಗ್ಗೆ, ಬಾಲ್ಕನಿಯಲ್ಲಿ ಕೂತು ಅದನ್ನು ಹೊಲಿದ. ಮೇಣ ಸವರಿದ ನೂಲು ಕಾಗದದೊಳಗಿಂದ ಸರಿಯುವಾಗ ಸುಯ್ಯೆಂದು ಉಸಿರೆಳೆದಂತೆ ಸದ್ದು. ಕೊನೆಯ ಗಂಟು ಬಿಗಿದಾಗ ಬೆರಳ ತುದಿ ತಣ್ಣಗಾಯಿತು. ಸುಟ್ಟ ಕೂದಲಿನ ವಾಸನೆ ಉಗುರುಗಳಲ್ಲಿ ಕೂತುಬಿಟ್ಟಿತು. ಎಷ್ಟು ತೊಳೆದರೂ ಹೋಗಲಿಲ್ಲ.

ಮರುದಿನ ಸಂಜೆ ಶ್ರೀಕಾರ್ಯದ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಮಳೆ ಬಂತು. ಎಲ್ಲರೂ ಓಡಿದರು. ಮಳೆಯೆಂದರೆ ಮುಖ ಮೇಲೆತ್ತಿ ನಿಲ್ಲುತ್ತಿದ್ದ ಅವನೂ ಓಡಿದ. ಅವನಿಗೆ ಬಟ್ಟೆ ಒದ್ದೆಯಾಗುವುದರ ಹೊರತು ಬೇರೇನೂ ತೋಚಲಿಲ್ಲ. ಪಕ್ಕದಲ್ಲಿ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿದ. ತಗಡಿಗೆ ತಗಡು ತಾಗಿದ ಸದ್ದು.

ರತ್ನಾಕರನಿಗೆ ಇದನ್ನು ಸ್ವಲ್ಪ ಹೆಮ್ಮೆಯಿಂದಲೇ ಬರೆದ: ಪುಸ್ತಕ ನನ್ನ ಮೇಲೇ ಪರಿಣಾಮ ಮಾಡುತ್ತಿದೆ. ಉತ್ತರ ನಾಲ್ಕೇ ದಿನದಲ್ಲಿ ಬಂತು. "ಹೆದರಬೇಡ. ಎಲ್ಲ ಬರಿದಾಗದೆ ಎರಡನೇ ಭಾಗ ಅರ್ಥವಾಗುವುದಿಲ್ಲ. ಕೊನೆಗೆ ಎಲ್ಲವೂ ಸರಿಹೋಗುತ್ತದೆ. ನನ್ನ ಮೇಲೆ ನಂಬಿಕೆ ಇಡು."

ನಂಬಿಕೆ ಇಟ್ಟ. ಎರಡನೆಯ ಫಾರಂ ಶುರು ಮಾಡಿದ. ಬರೆಬರೆಯುತ್ತ ಹದಿನಾಲ್ಕನೆಯ ಚೌಕಕ್ಕೆ ಬಂದಾಗ ಕೈ ತಾನಾಗಿ ಬರೆಯಿತು: ಅವ್ವ. ಖಾನಾವಳಿಯ ಒಲೆಯ ಮುಂದೆ ಅವಳು ರೊಟ್ಟಿ ಬಡಿಯುವ ಸದ್ದು. ಕುಂಚವನ್ನು ಮಸಿಯಲ್ಲಿ ಅದ್ದಿದ. ಡಬ್ಬಿ ಮೊದಲ ದಿನ ಎಷ್ಟು ತುಂಬಿತ್ತೋ ಈಗಲೂ ಅಷ್ಟೇ ತುಂಬಿತ್ತು. ಅದನ್ನು ಗಮನಿಸಿದ, ಗಮನಿಸಿಯೂ ಸುಮ್ಮನಾದ. ಬಳಿದ. ಹೊಲಿದ. ಆ ಕಪ್ಪು ಚೌಕ ಒಣಗಲೇ ಇಲ್ಲ. ಮುಟ್ಟಿದರೆ ಜ್ವರ ಬಂದವರ ಹಣೆಯ ಹಾಗೆ ಬಿಸಿ. ಕಿವಿಯಿಟ್ಟರೆ ಒಳಗಿನಿಂದ, ಬಹಳ ದೂರದಿಂದ, ಪಟ್, ಪಟ್, ಪಟ್, ಪಟ್. ಅಂಗೈ ಹಿಟ್ಟಿಗೆ ಬೀಳುವ ಸದ್ದು.

ಕಾಗದ ಹಿಗ್ಗುತ್ತಿದೆ, ಅದರ ಸದ್ದು ಎಂದುಕೊಂಡು ಎರಡೂ ಫಾರಮ್ಮುಗಳನ್ನು ಕೊಚ್ಚಿಗೆ, ರತ್ನಾಕರನಿಗೆ, ಅಂಚೆಯಲ್ಲಿ ಕಳಿಸಿಬಿಟ್ಟ.

ಪ್ರತಿ ಭಾನುವಾರ ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನು ಮಾಡುವುದು ರೂಢಿ. ಖಾನಾವಳಿಯ ಪಕ್ಕದ ಔಷಧದಂಗಡಿಗೆ ಫೋನು ಹೋಗುತ್ತಿತ್ತು. ಚಂದ್ರಮ್ಮ ಹಿಟ್ಟಿನ ಕೈಯಲ್ಲೇ ಓಡಿಬರುತ್ತಿದ್ದಳು. ಆ ಭಾನುವಾರವೂ ಬಂದಳು. "ಉಮ್ಯಾ, ಆರಾಮದೀ? ಕೂಸು ಹೆಂಗೈತಿ? ದನಿ ಯಾಕ ಸಣ್ಣಾಗೇತಿ?" ಅವನು ರಿಸೀವರನ್ನು ಕಿವಿಯಿಂದ ದೂರ ಹಿಡಿದು ನೋಡಿದ. ಯಾರೋ ಹೆಂಗಸು. ಯಾರದೋ ಕೂಸಿನ ಮಾತು. ಇದಕ್ಕೆ ಏನು ಉತ್ತರ ಹೇಳಬೇಕೆಂಬುದು ಅವನಿಗೆ ಗೊತ್ತಿತ್ತು, ಪರೀಕ್ಷೆಯ ಪ್ರಶ್ನೆಗೆ ಉತ್ತರ ಗೊತ್ತಿರುವ ಹಾಗೆ. ಆದರೆ ಯಾಕೆ ಹೇಳಬೇಕು? ಅವಳು ಮಾತಾಡುತ್ತಿದ್ದಂತೆಯೇ ಫೋನು ಇಟ್ಟುಬಿಟ್ಟ.

ಜೊತೆಗಿದ್ದ ರಾಜಲಕ್ಷ್ಮಿ ಬೆಚ್ಚಿದಳು. "ಏನ್ರೀ ಇದು? ಅತ್ತೆ ಇನ್ನೂ ಮಾತಾಡ್ತಾ ಇದ್ರಲ್ಲ!"

"ಹೌದಾ?" ಎಂದ ಅವನು.

ಅವಳು ಅವನ ಮುಖವನ್ನೇ ನೋಡಿದಳು. ಆ ಕಣ್ಣುಗಳಲ್ಲಿ ಹೆದರಿಕೆಯಿತ್ತು. ಅದನ್ನು ಕಂಡು ಅವನಿಗೂ ಮೊದಲ ಬಾರಿ ಹೆದರಿಕೆಯಾಯಿತು. ಆದರೆ ಏಳು ಚೌಕಗಳಷ್ಟೇ ಉಳಿದಿದ್ದವು. ಕೊನೆಗೆ ಎಲ್ಲವೂ ಸರಿಹೋಗುತ್ತದೆ ಎಂದಿದ್ದನಲ್ಲ ರತ್ನಾಕರ. ಅರ್ಧಕ್ಕೆ ನಿಲ್ಲಿಸುವುದಕ್ಕಿಂತ ಬೇಗ ಮುಗಿಸುವುದೇ ಮೇಲು. ಒಂದೇ ವಾರದಲ್ಲಿ ಆರು ಚೌಕ ಬರೆದು ಬಳಿದ. ಬಾಯಿಗೆ ಕೈ ಅಡ್ಡ ಇಟ್ಟು ನಗುವ ರಾಜಲಕ್ಷ್ಮಿ. ವಿಳಿಂಜದ ಬಂದರಿನಲ್ಲಿ ಅಲೆ ಕಂಡು ಕಿರುಚಿದ ನಿಶಾ. ಅವಳ ಮೊದಲ ಮಾತು. ಬರೆದಂತೆಲ್ಲ ಮನೆ ಮಂಕಾಯಿತು. ಹೆಂಡತಿ ನಕ್ಕರೆ ಹಲ್ಲುಗಳಷ್ಟೇ ಕಂಡವು.

ಕೊನೆಯದಕ್ಕೆ ರತ್ನಾಕರ ಕಾಗದ ಬರೆದ. "ಇಪ್ಪತ್ತೊಂದನೆಯದನ್ನು ನನ್ನ ಮುಂದೆ ಬರಿ. ಮಗಳ ಹೆಸರು ಬರೆದರೆ ಒಳ್ಳೇದು. ಹೊಲಿಯುವುದನ್ನೂ ಇಲ್ಲೇ ಮಾಡುವ."

ಆಗಸ್ಟಿನ ಒಂದು ಶನಿವಾರ, ಮಧ್ಯಾಹ್ನ ಎರಡು ಗಂಟೆಗೆ, ಫೋರ್ಟ್ ಕೊಚ್ಚಿಯಲ್ಲಿ ರತ್ನಾಕರನ ಹಳೆಯ ಮನೆಯ ಬಾಗಿಲಲ್ಲಿ ಉಮಾಮಹೇಶ್ವರ ನಿಂತಿದ್ದ. ಆಕಾಶ ಕಪ್ಪಿಟ್ಟಿತ್ತು. ಕರೆಂಟು ಹೋಗಿತ್ತು. ಕದ ತೆರೆದೇ ಇತ್ತು. ಒಳಗೆ ಹೆಜ್ಜೆಯಿಟ್ಟರೆ ಗವ್ವೆನ್ನುವ ಕತ್ತಲು, ಮರದ ನೆಲದ ಮುಗ್ಗಲು, ಅದರೊಳಗೊಂದು ಬಿಸಿಬಿಸಿ ಹಿಟ್ಟಿನ ವಾಸನೆ. ಹಜಾರದ ಆಚೆಯಿಂದ ಸದ್ದು.

ಪಟ್. ಪಟ್. ಪಟ್. ಪಟ್.

ಅವನು ಆ ಸದ್ದನ್ನು ಹಿಂಬಾಲಿಸಿದ. ಅಡಿಗೆಮನೆಯ ನೆಲದ ಮೇಲೆ, ಒಲೆಯ ಕೆಂಪು ಬೆಳಕಿನಲ್ಲಿ, ರತ್ನಾಕರ ಮಂಡಿಯೂರಿ ಕೂತು ರೊಟ್ಟಿ ಬಡಿಯುತ್ತಿದ್ದ. ಚಹಾ ಕೂಡ ಮಾಡಿಕೊಳ್ಳಲು ಬಾರದವನು. ಅಂಗೈಯನ್ನು ಸ್ವಲ್ಪ ಎಡಕ್ಕೆ ಓರೆಮಾಡಿ, ಕಿರುಬೆರಳು ಮೇಲೆತ್ತಿ, ಚಂದ್ರಮ್ಮ ಬಡಿಯುವಂತೆಯೇ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ತುಟಿಗಳು ಒಂದೇ ಮಾತನ್ನು ಮೆಲುಕು ಹಾಕುತ್ತಿದ್ದವು. ಅವ್ವಾ. ಅವ್ವಾ. ಅವ್ವಾ.

"ರತ್ನಾಕರ."

ಅವನು ತಲೆಯೆತ್ತಿದ. ಮುಚ್ಚಿಡುವ ಪ್ರಯತ್ನವನ್ನೇನೂ ಮಾಡಲಿಲ್ಲ. "ಬಂದೆಯಾ? ಕೂತುಕೋ. ಇಷ್ಟು ರುಚಿ ಅಂತ ನಂಗೆ ಗೊತ್ತೇ ಇರಲಿಲ್ಲ ಮಾರಾಯ."

ಪಕ್ಕದ ಮಣೆಯ ಮೇಲೆ ಹೊಲಿದ ಎರಡು ಫಾರಂ, ಅದರ ಮೇಲೆ ರತ್ನಾಕರನ ಅಕ್ಷರದ ಹಾಳೆಗಳು: ಎರಡನೆಯ ಭಾಗ. ಉಮಾಮಹೇಶ್ವರ ಎತ್ತಿಕೊಂಡು ಒಲೆಯ ಬೆಳಕಿಗೆ ಹಿಡಿದ. ಮೊದಲ ಮಳೆಗೆ ಎರೆಮಣ್ಣು ಬಿಡುವ ಉಸಿರು. ವೀರಭದ್ರನ ಕುಂಚದ ನೀಲಿ. ಸೈಕಲ್ಲಿನ ಗಂಟೆ, ಅದರ ಹಿಡಿಕೆ ಮುರಿದ ದಿನ, ಅವ್ವ ಅದನ್ನು ತಂತಿಯಿಂದ ಬಿಗಿದುಕೊಟ್ಟದ್ದು. ಕೊನೆಯದನ್ನು ಅವನು ಬರೆದಿರಲೇ ಇಲ್ಲ. ಯಾರಿಗೂ ಹೇಳಿರಲಿಲ್ಲ. ಎಲ್ಲವೂ 'ನಾನು' ಎಂದೇ ಬರೆದಿತ್ತು.

"ಇದು ನಂದು," ಎಂದ ಅವನು.

"ನೀನು ಕೊಟ್ಟದ್ದು." ರತ್ನಾಕರ ಹಿಟ್ಟಿನ ಕೈಗಳನ್ನು ನೋಡಿಕೊಂಡ. "ಕದಿಯಲಿಕ್ಕೆ ಆಗುದಿಲ್ಲ ಉಮಾ. ಕೊಡಬೇಕು. ಸ್ವಂತ ಕೈಯಿಂದ. ಕೇಳಿದರೆ ಯಾರು ಕೊಡ್ತಾರೆ? ಹಾಗಾಗಿ ಪುಸ್ತಕ. ಎರಡು ವರ್ಷ ನಿನ್ನ ಅಮ್ಮನ ಕೈಯ ಊಟ ಮಾಡಿದೆ. ಒಂದು ತುತ್ತೂ ನಂಗೆ ತಾಗಲಿಲ್ಲ. ನೀನು ಬಂದರೆ ಅವರ ಮುಖ ಹೇಗಾಗ್ತಿತ್ತು, ನಿನ್ನ ಮುಖ ಹೇಗಾಗ್ತಿತ್ತು! ನಾನು ಗೋಡೆ ನೋಡ್ತಿದ್ದೆ. ಹುಟ್ಟಿದಾಗಿನಿಂದ ನಂಗೆ ಎಂತದೂ ಇರಲಿಲ್ಲ. ಈ ಮಸಿಗೋಸ್ಕರ ಮೂರು ವರ್ಷ ಒಬ್ಬನ ಕಾಲು ಹಿಡಿದಿದ್ದೇನೆ."

"ಸರಿಹೋಗ್ತೈತಿ ಅಂದಿದ್ದಿ. ನಂಬು ಅಂದಿದ್ದಿ."

"ಸರಿ ಹೋಯಿತಲ್ಲ. ನಂಗೆ." ಅವನು ನಾಚಿಕೊಂಡವನ ಹಾಗೆ ನಕ್ಕ. ಆ ನಗೆಯೂ ಉಮಾಮಹೇಶ್ವರನದೇ, ಬಾಲ್ಯದ ಫೋಟೋಗಳಲ್ಲಿದ್ದದ್ದು. "ಒಂದೇ ಒಂದು ಉಳಿದಿದೆ. ಮಗಳ ಹೆಸರು. ಬರಿ. ಬರೆದರೆ ನಿಂಗೂ ನೋವು ಗೊತ್ತಾಗುದಿಲ್ಲ. ಆಮೇಲೆ ಎಂತದೂ ನೋಯುದಿಲ್ಲ."

ಇಪ್ಪತ್ತು ಚೌಕಗಳಷ್ಟು ಖಾಲಿಯಾಗಿದ್ದ ಎದೆಯೊಳಗೆ ಒಂದು ಸಂಕಟ ಎದ್ದು ನಿಂತಿತು. ಗೆಳೆಯ ಕತ್ತು ಕೊಯ್ದ ಸಂಕಟ. ಅದನ್ನು ಅವನು ಯಾವ ಚೌಕದಲ್ಲೂ ಬರೆದಿರಲಿಲ್ಲ. ಅದು ಇನ್ನೂ ಅವನದಾಗಿತ್ತು. ಅದರ ಬಲದಿಂದಲೇ ಅವನು ಹೊಲಿದ ಫಾರಮ್ಮುಗಳನ್ನು ಸೆಳೆದುಕೊಂಡು, ಒಲೆಯ ಪಕ್ಕದ ಚಾಕು ಎತ್ತಿ ನೂಲಿನ ಮೇಲಿಟ್ಟ.

ರತ್ನಾಕರನ ಮುಖ ಬಿಳುಚಿತು. "ಕೊಯ್ಯಬೇಡ. ಕೊಯ್ದರೆ ನಿಂಗೂ ವಾಪಸು ಬರುದಿಲ್ಲ, ನಂಗೂ ಇರುದಿಲ್ಲ. ಹೊಲಿದದ್ದು ಸತ್ತೇ ಹೋಗ್ತದೆ. ಅಮ್ಮ... ಅವರನ್ನು ಪ್ರೀತಿಸುವವರು ಲೋಕದಲ್ಲಿ ಒಬ್ಬರೂ ಇರುದಿಲ್ಲ ಉಮಾ."

ಚಾಕು ನೂಲಿನ ಮೇಲೆಯೇ ನಿಂತಿತು. ಧಾರವಾಡದಲ್ಲಿ ಒಬ್ಬಳು ಹೆಂಗಸಿದ್ದಾಳೆ. ಭಾನುವಾರ ಹಿಟ್ಟಿನ ಕೈಯಲ್ಲಿ ಫೋನಿಗೆ ಓಡಿಬರುತ್ತಾಳೆ. ಇದನ್ನು ಅವನು ಬಲ್ಲ. ಬಲ್ಲ, ಅಷ್ಟೆ. ಕೊಯ್ದರೆ ಅವನಿಗೆ ನೋವಾಗುವುದಿಲ್ಲ. ಆದರೆ ಆ ಹೆಂಗಸಿಗೆ?

ಚಾಕು ಕೆಳಗೆ ಬಿತ್ತು. ಹೊಲಿದದ್ದನ್ನು ಅಲ್ಲೇ ಎಸೆದ. ಚೀಲ ಎದೆಗವಚಿಕೊಂಡ. ಅದರಲ್ಲಿ ಹೊಲಿಯದ ಆರು ಹಾಳೆಗಳಿದ್ದವು.

ಓಡಿದ.

ಹಿಂದೆ ಹೆಜ್ಜೆ. ಹಿಟ್ಟಿನ ಕೈ ಅಂಗಿಯನ್ನು ಹಿಡಿಯಿತು. ಅಂಗಿ ಹರಿಯಿತು. ಕದ. ಬೀದಿ. ಮಳೆ. ಕಣ್ಣು ಕಾಣದಂಥ ಮಳೆ. ಚೀಲದೊಳಗಿಂದ ಸುಟ್ಟ ಕೂದಲಿನ ನಾತ. ಏನೋ ಅಲುಗಿತು ಒಳಗೆ. ಬಿಸಿ. ಎದೆಯ ಚರ್ಮ ಸುಡುತ್ತಿದೆ. ಬಿಡಲಿಲ್ಲ. ಉಪ್ಪುನೀರು ಎಂದಿದ್ದಳು ಜುಬೈದಾ. ಕಡಲು ಎಲ್ಲಿ? ಎಡಕ್ಕೆ. ಮೀನಿನ ಬಲೆಗಳು. ಕಲ್ಲುಗಳು. ಜಾರಿದ. ಮೊಣಕಾಲು ಒಡೆಯಿತು. ಹಿಂದಿನಿಂದ ಕೂಗು: "ಉಮಾ! ಒಂದಾದರೂ ಬಿಡು! ಅವಳ ನಗು ಒಂದು!" ಸೊಂಟದವರೆಗೆ ನೀರು. ಹಾಳೆ ಎಳೆದ. ಉಪ್ಪುನೀರಿಗೆ ಅದ್ದಿದ. ಉಜ್ಜಿದ. ಮಸಿ ಬಿಡಲೊಲ್ಲದು. ಬೆರಳುಗಳಿಗೆ ಸುತ್ತಿಕೊಂಡಿತು, ನೀರುಹಾವಿನ ಹಾಗೆ. ಮಣಿಕಟ್ಟಿಗೆ ಏರಿತು. ಉಜ್ಜಿದ. ಉಗುರು ಕಿತ್ತುಬಂತು. ಉಜ್ಜಿದ. ಒಂದು ಅಲೆ. ಮತ್ತೊಂದು. ಕಪ್ಪು ಸೀಳಿತು. ಅಡಿಯಲ್ಲಿ ಅವನ ಕೈಬರಹ.

ರಾಜಲಕ್ಷ್ಮಿ. ಬಾಯಿಗೆ ಅಡ್ಡ ಹಿಡಿದ ಕೈ. ಬೆರಳುಗಳ ನಡುವಿನ ನಗು.

ಅದು ಅವನ ಎದೆಗೆ ಬಂದು ಬಡಿಯಿತು. ಅವನು ನೀರಿನಲ್ಲಿ ನಿಂತು ಗೋಳೋ ಎಂದು ಅತ್ತ. ಅಳುತ್ತಲೇ ಆರನ್ನೂ ತೊಳೆದ. ದಡದಲ್ಲಿ ರತ್ನಾಕರ ಮಂಡಿಯೂರಿ ಕೂತಿದ್ದ. ಅವನೂ ಅಳುತ್ತಿದ್ದ.

ಡಿಸೆಂಬರಿನಲ್ಲಿ ಚಂದ್ರಮ್ಮ ಮೊಮ್ಮಗಳನ್ನು ನೋಡಲು ತಿರುವನಂತಪುರಕ್ಕೆ ಬಂದಳು. ಕರೆದುಕೊಂಡು ಬಂದವನು ರತ್ನಾಕರ. ಕಾಲೇಜಿನ ಕೆಲಸ ಬಿಟ್ಟು ನಾಲ್ಕು ತಿಂಗಳಿಂದ ಅವನು ಧಾರವಾಡದ ಖಾನಾವಳಿಯಲ್ಲೇ ಇದ್ದ. ನೀರು ಹೊರುತ್ತಾನೆ, ಸಂತೆಗೆ ಹೋಗುತ್ತಾನೆ, ಅವಳಿಗೆ ಕೆಮ್ಮು ಬಂದರೆ ರಾತ್ರಿಯೆಲ್ಲ ಕಾಲ ಬಳಿ ಕೂರುತ್ತಾನೆ ಎಂದು ಅವಳೇ ಹೇಳಿದಳು. ಅವನು ಮನೆಯೊಳಗೆ ಬರದೆ ಮೆಟ್ಟಿಲ ಬಳಿಯೇ ನಿಂತಿದ್ದ. ರಾಜಲಕ್ಷ್ಮಿ ನಡೆದದ್ದೆಲ್ಲವನ್ನೂ ಗಂಡನಿಂದ ತಿಳಿದಿದ್ದಳು. ಅವನ ಮುಖದ ಮೇಲೇ ಕದ ಹಾಕಿದಳು.

ಉಮಾಮಹೇಶ್ವರ ತಾಯಿಯ ಕಾಲು ಮುಟ್ಟಿದ. ಅಪ್ಪಿಕೊಂಡ. ಊಟಕ್ಕೆ ಬಡಿಸಿದ. ಎರಡು ದಿನ ಮಗ ಮಾಡಬೇಕಾದ್ದನ್ನೆಲ್ಲ ಒಂದೂ ಬಿಡದೆ ಮಾಡಿದ. ಎರಡನೆಯ ಸಂಜೆ ಅವಳು ಅವನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಸವರಿದಳು.

"ನಾಟಕ ಮಾಡಬ್ಯಾಡಪಾ," ಎಂದಳು. "ನನ್ನ ಹೊಟ್ಟ್ಯಾಗ ಹುಟ್ಟಿದ ಕೈ ಇದು. ನನಗ ತಿಳಿಯೂದಿಲ್ಲೇನು? ನನ್ನ ಮ್ಯಾಲ ಸಿಟ್ಟೈತೇನು?"

"ಇಲ್ಲವ್ವ."

"ಏನರ ತಪ್ಪು ಮಾಡೇನೇನು?"

"ಇಲ್ಲ."

"ಸಿಟ್ಟರ ಇದ್ದಿದ್ರ ಛಲೋ ಇತ್ತು," ಎಂದು ಚಂದ್ರಮ್ಮ ಅವನ ಕೈಯನ್ನು ಮೆಲ್ಲಗೆ ಅವನ ತೊಡೆಯ ಮೇಲೆ ಇಟ್ಟುಬಿಟ್ಟಳು. ನಿಶಾ ಓಡಿಬಂದು, "ಅಚ್ಛಾ, ಅಚ್ಚಮ್ಮ ಎಂದಿನಾ ಕರಯುನ್ನದ್?" ಎಂದಳು. ಅಪ್ಪಾ, ಅಜ್ಜಿ ಯಾಕೆ ಅಳುತ್ತಿದ್ದಾಳೆ ಎಂದು. ಅವನು ನೋಡಿದ. ಹೌದು, ಅಳುತ್ತಿದ್ದಳು.

ಮರುದಿನ ಬೆಳಿಗ್ಗೆ ನಿಶಾಳ ಕೈ ಹಿಡಿದುಕೊಂಡು ಸ್ಟೇಷನ್ನಿಗೆ ಹೋಗಿ ತಾಯಿಯನ್ನು ರೈಲು ಹತ್ತಿಸಿದ. ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದ: ಈ ನಿನ್ನ ರತ್ನಾಕರ ಏನು ಮಾಡಿದ ಗೊತ್ತೇನು? ಆಗಲೇ ರತ್ನಾಕರ ಓಡುತ್ತ ಬಂದು ಬೋಗಿ ಹತ್ತಿದ. ಅವಳಿಗೆಂದು ಬಿಸಿನೀರು ತುಂಬಿಸಲು ಹೋಗಿದ್ದವನು ತುಂತುರು ಮಳೆಗೆ ನೆನೆದಿದ್ದ. ಅವನ ಮುಖ ಕಂಡದ್ದೇ ಚಂದ್ರಮ್ಮನ ಮುಖ ಅರಳಿತು. ಸೆರಗಿನಿಂದ ಅವನ ತಲೆ ಒರೆಸತೊಡಗಿದಳು. ಅವನು ಮಗುವಿನಂತೆ ತಲೆ ಬಗ್ಗಿಸಿ, ಕಣ್ಣುಮುಚ್ಚಿ ನಿಂತ.

ಉಮಾಮಹೇಶ್ವರ ಬಾಯಿ ಮುಚ್ಚಿಕೊಂಡ.

ರೈಲು ಹೊರಟಿತು. ಕಿಟಕಿಯಲ್ಲಿ ಇಬ್ಬರೂ ಚಿಕ್ಕದಾಗುತ್ತ ಹೋದರು. ಅವಳು ಇನ್ನೂ ಒರೆಸುತ್ತಲೇ ಇದ್ದಳು.

"ಅಚ್ಛಾ, ವಿಡ್," ಎಂದಳು ನಿಶಾ, ಕೈ ಕೊಸರುತ್ತ. "ವೇದನಿಕ್ಕುನ್ನು." ಬಿಡಪ್ಪಾ, ನೋಯುತ್ತಿದೆ.

ಅವನು ಬಿಡಲಿಲ್ಲ.